ಮೌಶಿಯ ಕಿವಿಗೆ ನಾನಿಟ್ಟ ಪರೀಕ್ಷೆ

ನಮ್ಮ ಫಿಲ್ಮ್ ಲ್ಯಾಬಿನಲ್ಲಿ ಈಗ ಹೇಳುವ ಕಥೆ ಹೀಗಿದೆ: ಪ್ರಿಂಟ್ ನೋಡಿ ಪಾಸು ಮಾಡುತ್ತಿದ್ದ ಮೌಶಿಗೆ ವಯಸ್ಸಾಯಿತು, ಕಿವಿ ಕೈಕೊಟ್ಟಿತು, ಹೊಸದಾಗಿ ಬಂದ ಕೆಮಿಸ್ಟ್ ಹುಡುಗಿ ಅದನ್ನು ವೈಜ್ಞಾನಿಕವಾಗಿ ತೋರಿಸಿಕೊಟ್ಟಳು, ಮೌಶಿ ಮರ್ಯಾದೆಯಿಂದ ಮನೆಗೆ ಹೋದರು. ಚಹಾದ ಹೊತ್ತಿನಲ್ಲಿ ಹೊಸಬರು ಕೇಳಿದರೆ ಇಷ್ಟನ್ನೇ ಹೇಳುತ್ತಾರೆ. ಕೇಳಿದವರು ಮೆಚ್ಚುಗೆಯಿಂದ ನನ್ನ ಕಡೆ ನೋಡುತ್ತಾರೆ. ನಾನು ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತೇನೆ.

ವಯಸ್ಸಾಗಿತ್ತು ಎಂಬುದು ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಆ ಕೆಮಿಸ್ಟ್ ಹುಡುಗಿ ನಾನೇ ಆದ್ದರಿಂದ, ಒಪ್ಪದೆ ಇರುವ ಹಕ್ಕು ಉಳಿದವರಿಗಿಂತ ನನಗೇ ಹೆಚ್ಚು.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರವೋ ವಿರೋಧವೋ ಎಂಬುದು ವೇದಿಕೆ ಹತ್ತುವ ಸ್ವಲ್ಪ ಮುಂಚೆ ಚೀಟಿ ಎತ್ತಿದಾಗಷ್ಟೇ ಗೊತ್ತಾಗುತ್ತಿತ್ತು. ಎರಡೂ ಕಡೆಯಿಂದ ಗೆದ್ದಿದ್ದೇನೆ. ವಾದವನ್ನು ಮುರಿಯಲು ಆಗದಿದ್ದರೆ ವಾದ ಮಾಡುವವರನ್ನು ಮುರಿದರೂ ಸಾಕು ಎಂದು ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಗೆದ್ದ ಬಹುಮಾನಗಳೇ ಅದನ್ನು ಕಲಿಸಿದ್ದವು.

ಲ್ಯಾಬಿನಲ್ಲಿ ನನ್ನ ಕೆಲಸಕ್ಕೂ ಶಬ್ದಕ್ಕೂ ಸಂಬಂಧವಿರಲಿಲ್ಲ. ಸಿನಿಮಾ ರೀಲನ್ನು ಸಂಸ್ಕರಿಸುವಾಗ ಅದರಲ್ಲಿರುವ ಬೆಳ್ಳಿಯ ಬಹುಪಾಲು ಫಿಕ್ಸರ್ ಎಂಬ ದ್ರಾವಣಕ್ಕೆ ಇಳಿಯುತ್ತದೆ. ಆಮೇಲೆ ತೊಳೆಯುವ ನೀರಿಗೂ ಒಂದಿಷ್ಟು ಬರುತ್ತದೆ. ಆ ನೀರು ಹಾಗೇ ಮೋರಿ ಸೇರದಂತೆ ತಡೆದು ಬೆಳ್ಳಿ ಹಿಡಿಯಬೇಕು. ಅದಕ್ಕಾಗಿ ಹಿತ್ತಲ ಶೆಡ್ಡಿನಲ್ಲಿ ಆಳೆತ್ತರದ ಒಂದು ಕೊಳವೆ ನಿಲ್ಲಿಸಿದ್ದೆವು. ಒಳಗೆ ಸಾಸಿವೆಯಂಥ ರೆಸಿನ್ ಕಾಳುಗಳು. ಮೇಲಿನಿಂದ ನೀರು ಬಿಟ್ಟರೆ ಬೆಳ್ಳಿಯ ಅಯಾನು ಕಾಳಿಗೆ ಅಂಟಿಕೊಳ್ಳುತ್ತದೆ, ಅಲ್ಲಿ ಮೊದಲೇ ಇದ್ದ ಉಪ್ಪಿನ ಅಯಾನು ಬಿಟ್ಟು ನೀರಿಗೆ ಬರುತ್ತದೆ. ಕೊಳವೆ ನೋಡಿಕೊಳ್ಳುತ್ತಿದ್ದ ಆಪರೇಟರ್ ವಿಜಾಪುರದ ಕಡೆಯವನು. ಅವನಿಗೆ ಅರ್ಥ ಮಾಡಿಸಲು ಹೇಳಿದ್ದೆ: "ಬೊರಿವಲಿ ಲೋಕಲ್ ಟ್ರೇನು ಅಂದ್ಕೊಳ್ಳಿ. ಖಾಲಿ ಸೀಟು ಇರೋದೇ ಇಲ್ಲ. ಒಬ್ಬ ಎದ್ರೇನೇ ಇನ್ನೊಬ್ಬ ಕೂರೋದು. ಎಲ್ಲ ಸೀಟಲ್ಲೂ ಬೆಳ್ಳಿ ಕೂತ್ಮೇಲೆ ಹಿಂದೆ ಬಂದ ಬೆಳ್ಳಿ ನಿಂತ್ಕೊಂಡೇ ಹೊರಗೆ ಹೋಗುತ್ತೆ."

"ಅದರಾಗ ಫಸ್ಟ್ ಕ್ಲಾಸ್ ಡಬ್ಬಿ ಐತೇನ್ರಿ ಮೇಡಮ್?" ಎಂದು ಅವನು ಕೇಳಿದ್ದ.

ಮೌಶಿ ಧಾರವಾಡದ ಕಡೆಯವರು; ಮರಾಠಿಯಲ್ಲಿ ಚಿಕ್ಕಮ್ಮ ಎನ್ನುವ ಆ ಹೆಸರು ಲ್ಯಾಬಿನವರು ಇಟ್ಟದ್ದು. ಆಂಟಾಪ್ ಹಿಲ್‌ನಲ್ಲಿ ನಮ್ಮ ಬಿಲ್ಡಿಂಗಿನಿಂದ ಸ್ವಲ್ಪವೇ ಆಚೆ ಅವರ ಮನೆ. ಲ್ಯಾಬಿನ ಪುಟ್ಟ ಥಿಯೇಟರಿನಲ್ಲಿ ನಡುವಿನ ಸಾಲಿನ ಒಂದು ಕುರ್ಚಿ ಅವರದು, ಅದರ ಮೇಲೆ ಮನೆಯಿಂದ ತಂದ ಕೌದಿಯ ದಿಂಬು. ಊರೂರ ಟಾಕೀಸಿಗೆ ಹೋಗುವ ಪ್ರತಿ ಪ್ರಿಂಟನ್ನೂ ಅಲ್ಲಿ ಕೂತು ನೋಡಿ, ಬಣ್ಣ, ಗೀರು, ತುಟಿಗೂ ಮಾತಿಗೂ ಹೊಂದಿಕೆ, ಎಲ್ಲ ಸರಿಯಿದ್ದರೆ ಕೈ ಎತ್ತುತ್ತಿದ್ದರು. ವಿನಯ ಅವರ ಸ್ವಭಾವದಲ್ಲೇ ಇರಲಿಲ್ಲ. "ಈ ಕಣ್ಣ ತಪ್ಪಿಸಿ ಒಂದು ನೊಣಾನೂ ಪಡದೇದ ಮ್ಯಾಲೆ ಕುಂತಿಲ್ಲ" ಎಂದು ಬಡಾಯಿ ಕೊಚ್ಚುತ್ತಿದ್ದರು. ಹೀರೋ ಮುಖ ಇಷ್ಟವಾಗದೆ ಒಳ್ಳೆಯ ರೀಲನ್ನೂ ವಾಪಸು ಮಾಡಿದ್ದುಂಟು. ನನ್ನನ್ನು ಕರೆಯುತ್ತಿದ್ದದ್ದು 'ವಕೀಲಬಾಯಿ' ಎಂದು.

ಅವರದೊಂದು ರೂಢಿಯನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಒಂದು ಚಿತ್ರ ಮುಗಿದು ಇನ್ನೊಂದು ಹಚ್ಚುವ ಮುನ್ನ ಎದ್ದು ಹಿಂದಿನ ಗೇಟಿಗೆ ಹೋಗಿಬಿಡುತ್ತಿದ್ದರು. ತಂಬಾಕು ತಿಕ್ಕುತ್ತ ಸುಮ್ಮನೆ ನಿಲ್ಲುವುದು. ಎದುರಿಗೆ ತಗಡಿನ ಶೆಡ್ಡು. ಅಲ್ಲಿ ಹಳೆಯ ಡ್ರಮ್ಮಿನ ಮುಚ್ಚಳಗಳನ್ನು ಸುತ್ತಿಗೆಯಿಂದ ಬಡಿದು ಸಮ ಮಾಡುತ್ತಿದ್ದರು. ಪ್ರೊಜೆಕ್ಟರಿನವರು ಕಾಯಬೇಕು, ನಾವೂ ಕಾಯಬೇಕು.

"ಒಳಗೇ ಕೂತು ತಿನ್ನಬಾರದಾ ಮೌಶಿ?" ಎಂದು ಒಮ್ಮೆ ಕೇಳಿದ್ದೆ.

"ಒಳಗ ಉಗಳಾಕ ನಿನ್ನ ಕೊಳವಿ ಕೊಡ್ತಿಯೇನು?"

ತಕರಾರು ಹುಟ್ಟಿದ್ದು ಗ್ಯಾಸ್ ಒಲೆಯ ಒಂದು ಸಣ್ಣ ಚಿತ್ರದಿಂದ. ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ತೋರಿಸುವಂಥದ್ದು. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ನೇರ ನಮ್ಮನ್ನು ನೋಡುತ್ತ, ರೆಗ್ಯುಲೇಟರ್ ಹೇಗೆ ಬಂದ್ ಮಾಡಬೇಕು, ವಾಸನೆ ಬಂದರೆ ಏನು ಮಾಡಬೇಕು ಎಂದು ಹೇಳುತ್ತಾಳೆ. ಶೂಟ್ ಆಗಿದ್ದು ಹಿಂದಿಯಲ್ಲಿ. ಕನ್ನಡದ ಮಾತನ್ನು ಆಮೇಲೆ ಡಬ್ ಮಾಡಿಸಿದ್ದರು. ಮೊದಲ ಕನ್ನಡ ಪ್ರಿಂಟ್ ನೋಡಿ ಮೌಶಿ ಕೈ ಎತ್ತಲಿಲ್ಲ.

"ತುಟಿ ಮುಂದ, ಮಾತು ಹಿಂದ. ಮೂರು ಫ್ರೇಮ್ ಹಿಂದ ಬರಾಕತ್ತೈತಿ. ಆಕಿ ಬಾಯಿ ಮುಚ್ಚಿದ ಮ್ಯಾಲೂ ಮಾತಾಡ್ತಾಳ."

ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮ್. ಮೂರು ಫ್ರೇಮ್ ಎಂದರೆ ಸೆಕೆಂಡಿನ ಎಂಟನೇ ಒಂದು ಭಾಗ. ಪ್ರಿಂಟಿಂಗ್ ವಿಭಾಗದ ಮುಖ್ಯಸ್ಥರು ಮಂಗಳೂರು ಕಡೆಯವರು, ಸಮಾಧಾನಿ. ಅವರೂ ಅಂದು ಸಿಡಿದರು. "ಚಿತ್ರ ಶಬ್ದ ಕೂಡಿಸುವ ರೀಲಿನ ಗುರುತು ಎಲ್ಲ ಕರೆಕ್ಟ್ ಉಂಟು. ನಮ್ಮದೇನೂ ತಪ್ಪಿಲ್ಲ. ತುಟಿ ಹಿಂದಿ, ಮಾತು ಕನ್ನಡ. ಇದರಲ್ಲಿ ಸರಿ ಎಂತ, ತಪ್ಪು ಎಂತ ಮಾರಾಯ್ರೆ?"

ಅದೇ ಪೇಚು. ಹಿಂದಿ ರೀಲಾದರೆ ತುಟಿ ಮುಚ್ಚಿದ ಫ್ರೇಮನ್ನೂ ಆ ಅಕ್ಷರದ ಶಬ್ದ ಬಿದ್ದ ಜಾಗವನ್ನೂ ಮೇಜಿನ ಮೇಲೆ ಎಣಿಸಿ ನೋಡಬಹುದು. ಡಬ್ ಆದ ಮಾತಿಗೆ ಆ ಗೆರೆಯೇ ಇಲ್ಲ. ನೋಡುವವರ ಕಣ್ಣು, ಕೇಳುವವರ ಕಿವಿ, ಅಷ್ಟೇ ಪ್ರಮಾಣ. ಮೌಶಿ ಹೇಳಿದ್ದನ್ನು ನಂಬಿದರೆ ಡಬಿಂಗ್ ಮತ್ತೆ ಮಾಡಿಸಬೇಕು, ಪ್ರಿಂಟುಗಳು ತಡವಾಗುತ್ತವೆ.

ಲ್ಯಾಬಿನ ಮಾಲೀಕರಾದ ಸೇಠ್ ನನ್ನನ್ನು ಕರೆಸಿದರು. "ಆಪ್ ಸೈನ್ಸ್‌ವಾಲೀ ಹೈ. ಫೈಸಲಾ ಕರೋ. ಮೌಶಿ ಸಹೀ ಹೈ ತೋ ಡಬಿಂಗ್ ವಾಪಸ್. ಗಲತ್ ಹೈ ತೋ ವೋ ಕುರ್ಸೀ ಛೋಡೇ, ಪ್ಯಾಕಿಂಗ್ ಮೇ ಬೈಠೇ."

ಮೌಶಿ ಸರಿಯಾದರೆ ಡಬಿಂಗ್ ವಾಪಸು, ತಪ್ಪಾದರೆ ಅವರು ಕುರ್ಚಿ ಬಿಟ್ಟು ಪ್ಯಾಕಿಂಗಿಗೆ, ಡಬ್ಬಿಗಳಿಗೆ ಚೀಟಿ ಅಂಟಿಸುವ ವಿಭಾಗಕ್ಕೆ. ಮೌಶಿಯ ಕುರ್ಚಿ ನನ್ನ ಪರೀಕ್ಷೆಯ ಮೇಲೆ ನಿಂತಿತು. ನನಗೆ ಭಯವಾಗಬೇಕಿತ್ತು. ಹುರುಪು ಬಂತು.

ನಾನು ರೂಪಿಸಿದ ಪರೀಕ್ಷೆ ಹೀಗಿತ್ತು. ಅದೇ ಚಿತ್ರದ ಹಿಂದಿ ಮೂಲ ತೆಗೆದುಕೊಂಡೆ, ಏಕೆಂದರೆ ಅದರಲ್ಲಿ ಸರಿ ಯಾವುದೆಂದು ಗೊತ್ತು. ಒಂದೇ ದೃಶ್ಯದ ತುಣುಕುಗಳನ್ನು ಪ್ರಿಂಟ್ ಮಾಡಿಸಿದೆ. ಕೆಲವದರಲ್ಲಿ ಶಬ್ದ ಇದ್ದ ಹಾಗೇ, ಕೆಲವದರಲ್ಲಿ ಒಂದೋ ಎರಡೋ ಮೂರೋ ಫ್ರೇಮ್ ಮುಂದೆ, ಕೆಲವದರಲ್ಲಿ ಹಿಂದೆ. ಯಾವುದರ ನಂತರ ಯಾವುದು ಎಂಬುದಕ್ಕೆ ಚೀಟಿ ಎತ್ತಿದೆವು. ಹಚ್ಚುವವರಿಗೂ ಯಾವುದು ಏನೆಂದು ತಿಳಿಯದಂತೆ ಗುರುತು ಮುಚ್ಚಿದೆ. ಇಷ್ಟು ನಿಷ್ಪಕ್ಷಪಾತವಾದ ಪರೀಕ್ಷೆ ಆ ಲ್ಯಾಬಿನಲ್ಲಿ ಯಾವತ್ತೂ ನಡೆದಿಲ್ಲ ಎಂದು ಮನಸ್ಸಿನಲ್ಲೇ ಬೀಗಿದೆ.

ಅದಕ್ಕೂ ಮುಂಚೆ, ಬೆಳಗಿನಿಂದ, ಮೌಶಿಗೆ ಕನ್ನಡ ಪ್ರಿಂಟನ್ನು ಮತ್ತೆ ಮತ್ತೆ ತೋರಿಸಿದೆ. ಎಲ್ಲೆಲ್ಲಿ ತಪ್ಪಿದೆ ಎಂದು ಜಾಗ ಜಾಗ ಹೇಳಿಸಿದೆ, ಆಮೇಲೆ ಮಾತು ಬದಲಿಸಬಾರದಲ್ಲ. ಚರ್ಚೆಯಲ್ಲಿ ಎದುರಾಳಿಯನ್ನು ಮೊದಲು ಅವರ ಮಾತಿಗೇ ಕಟ್ಟಿಹಾಕಬೇಕು.

ಕೊನೆಯ ಸಲ ರೀಲು ಮುಗಿದಾಗ ಮೌಶಿ ದಿಂಬಿನಿಂದ ಎದ್ದರು. ಕೈ ಆಗಲೇ ತಂಬಾಕಿನ ಡಬ್ಬಿ ಹುಡುಕುತ್ತಿತ್ತು. ನಾನು ಹೋಗಿ ಬಾಗಿಲಲ್ಲಿ ನಿಂತೆ.

"ಈಗ ಹೊರಗೆ ಹೋಗೋ ಹಾಗಿಲ್ಲ ಮೌಶಿ. ಯಾರೋ ಹೇಳಿಕೊಟ್ರು ಅಂತ ನಾಳೆ ಮಾತು ಬರಬಾರದು."

"ಯಾರು ಹೇಳ್ಕೊಡಾವ್ರು ಯವ್ವಾ? ಆ ಸುತ್ತಿಗಿಯವನೇನು?"

"ನಿಯಮ ಅಂದ್ರೆ ನಿಯಮ."

ಅವರು ನನ್ನ ಭುಜದ ಆಚೆ, ಓಣಿಯ ಬೆಳಕಿನ ಕಡೆ ಒಂದು ಸಲ ನೋಡಿದರು. ಹೋಗಿ ಕೂತರು. ಸೇಠ್, ಪ್ರಿಂಟಿಂಗಿನವರು, ಇನ್ನೊಂದಷ್ಟು ಜನ ಹಿಂದಿನ ಸಾಲಿನಲ್ಲಿ ತುಂಬಿಕೊಂಡರು. ದೀಪ ಆರಿತು.

ಶಬ್ದ ಸರಿಯಾಗಿದ್ದ ಮೊದಲ ತುಣುಕಿಗೆ ಮೌಶಿ, "ಮುಂದ. ಮಾತು ಮುಂದ ಬಂತು" ಎಂದರು. ಒಂದು ಫ್ರೇಮ್ ಹಿಂದಿದ್ದದ್ದಕ್ಕೆ "ಬರೋಬರ್", ಅಂದರೆ ಸರಿ. ಮತ್ತೆ ಸರಿಯಾದದ್ದು ಬಂತು, ಮತ್ತೆ "ಮುಂದ". ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೂರು ಫ್ರೇಮ್ ಹಿಂದಿದ್ದದ್ದನ್ನು ಮಾತ್ರ ಅವರು ಪ್ರತಿ ಸಲವೂ "ಹಿಂದ" ಎಂದೇ ಹೇಳಿದರು.

ಅದನ್ನು ನಾನು ಗಮನಿಸಿದೆ. ಇನ್ನೊಂದನ್ನೂ ಗಮನಿಸಿದೆ: ಅವರು ಎಲ್ಲಿಯೂ ತಡಬಡಾಯಿಸಲಿಲ್ಲ. ತಪ್ಪಿದಾಗಲೆಲ್ಲ ಒಂದೇ ಕಡೆಗೆ, ಒಂದೇ ಅಳತೆಗೆ ತಪ್ಪುತ್ತಿದ್ದರು. ಮಂದವಾದ ಕಿವಿ ಹಾಗೆ ತಪ್ಪುವುದಿಲ್ಲ, ಅದು ಮನಬಂದಂತೆ ತಪ್ಪುತ್ತದೆ. ಇದು ಯಾಕೆ ಹೀಗೆ ಎಂದು ಕೇಳಿಕೊಳ್ಳುವುದು ಕೆಮಿಸ್ಟಿನ ಕೆಲಸವಾಗಿತ್ತು. ದೀಪ ಹತ್ತಿದಾಗ ಎದ್ದು ನಿಂತದ್ದು ಕೆಮಿಸ್ಟ್ ಅಲ್ಲ.

"ಸರಿಯಾದದ್ದನ್ನೇ ತಪ್ಪು ಅನ್ನೋ ಸಾಕ್ಷಿ ಇದು. ಇವರು ಇನ್ನೊಂದನ್ನ ತಪ್ಪು ಅಂದ್ರೆ ನಾವು ಹೇಗೆ ನಂಬೋದು?" ಎಂದು ಶುರುಮಾಡಿದೆ. ಹಿಂದಿಯಲ್ಲೂ ಹೇಳಿದೆ, ಸೇಠ್‌ಗಾಗಿ. ಕೊನೆಗೆ ಮೌಶಿಯ ಕಡೆ ತಿರುಗಿ, "ನಿಮ್ಮ ತಕ್ಕಡಿಯಲ್ಲಿ ಖಾಲಿ ತಟ್ಟೇನೇ ಕೆಳಗಿದೆ ಮೌಶಿ. ಅದರಲ್ಲಿ ತೂಗಿದ್ದನ್ನ ಯಾರು ಕೊಳ್ಳಬೇಕು?" ಎಂದೆ.

ಎಲ್ಲರೂ ನಕ್ಕರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಮೌಶಿ ಜಗಳಕ್ಕೆ ಬರುತ್ತಾರೆಂದು ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡು ನಿಂತಿದ್ದೆ. ಅವರು ದಿಂಬನ್ನು ಕುರ್ಚಿಯಿಂದ ಎತ್ತಿ, ಎರಡು ಸಲ ಧೂಳು ಕೊಡವಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಪ್ಯಾಕಿಂಗಿಗೆ ಹೋಗಲಿಲ್ಲ. ಮಾರನೇ ದಿನವೂ ಬರಲಿಲ್ಲ.

ಪ್ರಿಂಟುಗಳು ಕರ್ನಾಟಕಕ್ಕೆ ಹೋದವು. ಪ್ರಿಂಟ್ ನೋಡುವ ಕೆಲಸವನ್ನೂ ಸೇಠ್ ನನಗೇ ಹಚ್ಚಿದರು. ದಿಂಬಿಲ್ಲದ ಆ ಕುರ್ಚಿ ಬಹಳ ಗಟ್ಟಿಯಾಗಿತ್ತು.

ಸ್ವಲ್ಪ ಕಾಲದ ಮೇಲೆ ಊರಿಗೆ ಹೋಗಿಬಂದ ಪ್ರಿಂಟಿಂಗ್ ಮುಖ್ಯಸ್ಥರು ಚಹಾ ಕುಡಿಯುತ್ತ ಹೇಳಿದರು: "ನಮ್ಮೂರ ಟಾಕೀಸಲ್ಲಿ ಆ ಗ್ಯಾಸಿನ ಫಿಲ್ಮ್ ಹಾಕಿದ್ರು. ಜನ ನಗುದೇ ನಗುದು. ಆ ಹೆಂಗಸಿಗೆ ಭೂತ ಹಿಡಿದ ಹಾಗೆ ಉಂಟು, ಬಾಯಿ ಮುಚ್ಚಿದ ಮೇಲೆ ಮಾತಾಡ್ತಾಳೆ ಅಂತ."

"ಟಾಕೀಸು ದೊಡ್ಡದು. ಹಿಂದಿನ ಸೀಟಿಗೆ ಶಬ್ದ ತಲುಪೋಕೇ ಒಂದೆರಡು ಫ್ರೇಮ್ ಹಿಡಿಯುತ್ತೆ" ಎಂದೆ ತಟ್ಟನೆ. ಲೆಕ್ಕವೇನೋ ಸರಿಯೇ. ಆದರೆ ಆ ಟಾಕೀಸಿನಲ್ಲಿ ಬೇರೆ ಸಿನಿಮಾಗಳಿಗೆ ಯಾಕೆ ಯಾರೂ ನಗುವುದಿಲ್ಲ ಎಂದು ಅವರು ಕೇಳಲಿಲ್ಲ. ಕೇಳದಿದ್ದುದಕ್ಕೆ ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ಈಗ ನಾಚಿಕೆಯಾಗುತ್ತದೆ.

ಕಣ್ಣು ತೆರೆಸಿದ್ದು ಕೊಳವೆ. ಒಂದು ಮಧ್ಯಾಹ್ನ ಆಪರೇಟರ್ ಓಡಿ ಬಂದ. ಕೊಳವೆಯಿಂದ ಹೊರಬರುವ ನೀರಿಗೆ ಸಲ್ಫೈಡಿನ ಒಂದು ತೊಟ್ಟು ಹಾಕಿ ನೋಡುವುದು ನಮ್ಮ ಕ್ರಮ. ಬೆಳ್ಳಿ ಇದ್ದರೆ ಕಪ್ಪಾಗುತ್ತದೆ. ಅವನು ತಂದ ಗಾಜಿನ ನಳಿಕೆ ಕಪ್ಪಾಗಿತ್ತು.

"ಮೇಡಮ್ಮಾರ, ಟ್ಯಾಂಕಿನ ನೀರು ಕೆಟ್ಟೈತ್ರಿ. ಬೆಳ್ಳಿ ಹರದು ಹೊಂಟೈತಿ."

ಹೋಗಿ ನೋಡಿದೆ. ಕೊಳವೆಗೆ ಬಿಡುವ ಟ್ಯಾಂಕಿನ ನೀರು ಎಂದಿನಂತೆಯೇ ಇತ್ತು. ಆದರೆ ಬೆಳಿಗ್ಗೆ ಒಂದು ಕವಾಟ ತಪ್ಪಿ ಗಟ್ಟಿ ಫಿಕ್ಸರೇ ಕೊಳವೆಯೊಳಗೆ ಹರಿದಿತ್ತು. ಫಿಕ್ಸರಿಗೆ ಬೆಳ್ಳಿಯ ಸೆಳೆತ ಜಾಸ್ತಿ, ಕಾಳಿನ ಮೇಲೆ ಕೂತ ಬೆಳ್ಳಿಯನ್ನೂ ಎಬ್ಬಿಸುತ್ತದೆ. ಈಗ ಮೇಲಿನಿಂದ ಎಂಥ ಒಳ್ಳೆಯ ನೀರು ಬಿಟ್ಟರೂ ಕೆಳಗೆ ಕಪ್ಪೇ.

ನಾನು ರೇಗಿದೆ. "ಬೆಳಗಿಂದು ಇನ್ನೂ ಒಳಗೇ ಇದೆ. ಈಗಿನ ನೀರು ಹೇಗಿದೆ ಅಂತ ಈ ಕೊಳವೆ ಹೇಗ್ರೀ ಹೇಳುತ್ತೆ? ಅದು ಬೆಳಗಿನ ಮಾತನ್ನೇ ಹೇಳ್ತಿರುತ್ತೆ. ಮೊದಲು ಬರೀ ನೀರು ಬಿಟ್ಟು ತೊಳೀಬೇಕು, ಆಮೇಲೆ ಪರೀಕ್ಷೆ. ತೊಳೀದೆ ಪರೀಕ್ಷೆ ಮಾಡಿ ಒಳ್ಳೇ ನೀರಿಗೆ ಹೆಸರು ಕೆಡಿಸ್ತೀರಲ್ಲ!"

ಅವನು ಬೈಗುಳದ ಉಳಿದ ಭಾಗಕ್ಕೆ ಕಾಯುತ್ತ ನಿಂತಿದ್ದ. "ಏನಾತ್ರಿ?" ಎಂದ. ನಾನು ನಳಿಕೆಯನ್ನು ಅವನ ಕೈಗೆ ಕೊಟ್ಟು ಥಿಯೇಟರಿನ ಕಡೆ ನಡೆದೆ.

ಆ ದಿನ ಬೆಳಗೆಲ್ಲ ಮೌಶಿಗೆ ಆ ಕನ್ನಡ ಪ್ರಿಂಟ್, ಬಿಡುವೇ ಇಲ್ಲದೆ. ಅದಾದ ಕೂಡಲೇ ಪರೀಕ್ಷೆ. ನಡುವೆ ತೊಳೆದುಕೊಳ್ಳಲು ಹೊರಟವರಿಗೆ ಬಾಗಿಲಲ್ಲಿ ಅಡ್ಡ ನಿಂತವಳು ನಾನು.

ಆದರೂ ನಂಬಲಿಲ್ಲ. ಇದೂ ಒಂದು ಚಂದದ ಹೋಲಿಕೆ ಇರಬಹುದು, ಹೋಲಿಕೆ ಪುರಾವೆಯಲ್ಲ. ಪ್ರಿಂಟಿಂಗ್ ಮುಖ್ಯಸ್ಥರನ್ನು ಕಾಡಿ ಬೇಡಿ ಒಂದು ರಜೆಯ ದಿನ ಒಪ್ಪಿಸಿದೆ. ಇಬ್ಬರೂ ಬೆಳಗಿನಿಂದ ಆ ಕನ್ನಡ ಪ್ರಿಂಟನ್ನೇ ನೋಡುತ್ತ ಕೂತೆವು. ಮೊದಮೊದಲು ತುಟಿಯೂ ಮಾತೂ ಬೇರೆಬೇರೆಯಾಗಿ ಕಿರಿಕಿರಿಯಾಯಿತು. ಮೌಶಿ ಹೇಳಿದ್ದು ಅಲ್ಲಿಗೇ ಸಾಬೀತಾಗಿತ್ತು, ನಾನೇ ಈ ಹಿಂದೆ ಅದನ್ನು ನೋಡಲು ಬಯಸಿರಲಿಲ್ಲ. ಬರಬರುತ್ತ ಕಿರಿಕಿರಿ ಕಡಿಮೆಯಾಯಿತು, ಆ ಹೆಂಗಸು ಸುಮಾರಾಗಿ ಸರಿಯಾಗಿಯೇ ಮಾತಾಡುತ್ತಿದ್ದಾಳೆ ಎನಿಸತೊಡಗಿತು. ಆಗ ಹಿಂದಿ ಮೂಲವನ್ನು ಹಚ್ಚಿಸಿದೆ.

"ಅರೆ, ಇದು ಮುಂದೆ ಓಡ್ತದಲ್ಲ ಮಾರಾಯ್ತಿ!" ಎಂದು ಅವರು ಕುರ್ಚಿಯಲ್ಲಿ ನೆಟ್ಟಗಾದರು.

ನನಗೂ ಹಾಗೇ ಕಂಡಿತು. ಮೌಶಿಯ ಮಾತು ಅಕ್ಷರಶಃ ಅದೇ: ಮುಂದ. ಹಿಂದೆ ಬೀಳುವ ಮಾತಿಗೆ ಒಗ್ಗಿಹೋದ ಕಣ್ಣು ಕಿವಿಗೆ ಸರಿಯಾದದ್ದೇ ಮುಂದೆ ಬಂದಂತೆ ಕಾಣುತ್ತಿತ್ತು. ನಾನು ಎದ್ದು ಹಿಂದಿನ ಗೇಟಿಗೆ ಓಡಿದೆ. ತಗಡಿನ ಶೆಡ್ಡಿನವರಿಗೆ ರಜೆಯಿಲ್ಲ. ಸುತ್ತಿಗೆ ಮುಚ್ಚಳದ ಮೇಲೆ ಬೀಳುತ್ತಿತ್ತು. ಮೊದಲ ಕೆಲವು ಏಟುಗಳಲ್ಲಿ, ಸುತ್ತಿಗೆ ತಗಡಿಗೆ ತಾಗುವ ಮುನ್ನವೇ ಠಣ್ ಎಂದ ಹಾಗಾಯಿತು. ಕಣ್ಣು ಉಜ್ಜಿಕೊಂಡೆ. ನೋಡುತ್ತ ನಿಂತೆ. ನಿಧಾನವಾಗಿ ಏಟೂ ಠಣ್ಣೂ ಒಂದಕ್ಕೊಂದು ಹತ್ತಿರ ಸರಿದು ಕೂಡಿಕೊಂಡವು. ಒಳಗೆ ಹೋಗಿ ಹಿಂದಿ ರೀಲು ಮತ್ತೆ ನೋಡಿದೆ. ಸರಿಯಾಗಿತ್ತು.

ಪ್ರಿಂಟಿಂಗಿನವರಿಗೆ ಎಲ್ಲ ಹೇಳಿದೆ. ಅವರು, "ಈಗ ಎಂತ ಮಾಡುದು? ಹೋದ ಪ್ರಿಂಟು ಹೋಯ್ತು" ಎಂದರು.

ಮರುದಿನ ಸೇಠ್ ಎದುರು ನಿಂತೆ. ನನ್ನ ಪರೀಕ್ಷೆಯೇ ತಪ್ಪು, ಮೌಶಿ ಸರಿ, ಅವರನ್ನು ವಾಪಸು ಕರೆಸಿ, ಆ ಕುರ್ಚಿಯಲ್ಲಿ ನಾನಿನ್ನು ಕೂರುವುದಿಲ್ಲ ಎಂದೆ. ಜೀವನದಲ್ಲಿ ಮೊದಲ ಸಲ ನನ್ನದೇ ವಾದದ ವಿರುದ್ಧ ಮಾತಾಡುತ್ತಿದ್ದೆ, ಚೀಟಿ ಎತ್ತದೆ. ಅವರು ಫೋನಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದರು.

"ಆಪ್ ಜೀತ್ ಗಯೀ ನಾ? ಜೀತ್‌ನೇ ಕೇ ಬಾದ್ ಕೌನ್ ಬಹಸ್ ಕರ್‌ತಾ ಹೈ?"

ಗೆದ್ದ ಮೇಲೆ ಯಾರಾದರೂ ವಾದ ಮಾಡುತ್ತಾರೆಯೇ? ಆದರೂ ನಾನು ಅಲ್ಲಿಂದ ಕದಲಲಿಲ್ಲ. ಕೊನೆಗೆ ನನ್ನ ಕಾಟ ತಪ್ಪಿಸಿಕೊಳ್ಳಲು, "ಬುಲಾವೋ. ಆಯೇಗೀ ತೋ ದೇಖೇಂಗೇ" ಎಂದರು.

ಅಂದು ಸಂಜೆ ಮೌಶಿಯ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಮೌಶಿ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರು. ಕೌದಿಯ ದಿಂಬು ಅವರ ಕೆಳಗಿತ್ತು.

"ಬಾರವಾ ವಕೀಲಬಾಯಿ. ಇವತ್ತ ಯಾರ ಕಿವಿ ಕತ್ತರಿಸಿ ಬಂದಿ?"

ನಾನು ಹೇಳತೊಡಗಿದೆ. ಕೊಳವೆ, ಬೆಳಗಿನ ಫಿಕ್ಸರು, ರಜೆಯ ದಿನ ನೋಡಿದ್ದು, ಸುತ್ತಿಗೆ, ಎಲ್ಲ. ಅವರು ರೊಟ್ಟಿ ತಿರುಗಿಸುತ್ತ ಕೇಳುತ್ತಿದ್ದರು. ತಪ್ಪಾಯಿತು ಎಂಬ ಒಂದು ಮಾತಿಗೆ ಬರಲು ನಾನು ಎಷ್ಟು ಪೀಠಿಕೆ ಹಾಕುತ್ತಿದ್ದೇನೆಂದು ನನಗೇ ಕೇಳಿಸಿತು.

"ಸೋತರೂ ಭಾಷಣಾನ ಮಾಡ್ತಿ ನೋಡು" ಎಂದರು ಮೌಶಿ. ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು.

"ತಪ್ಪಾಯ್ತು ಮೌಶಿ. ವಾಪಸ್ ಬನ್ನಿ."

"ಸೇಠ್ ಏನಂದ?"

"ಬಂದ್ರೆ ನೋಡೋಣ ಅಂದ್ರು."

"ನೋಡೋಣ ಅಂದ್ನ?" ಎಂದು ನಕ್ಕರು. "ಅಂದ್ರ ಮತ್ತ ನೀನ ಪರೀಕ್ಷಾ ಇಡ್ತಿ. ನನ್ನ ಕಿವಿ ನೆಟ್ಟಗ ಐತಿ ಅಂತ ನನಗ ಯಾರೂ ಚೀಟಿ ಬರದು ಕೊಡೂದು ಬ್ಯಾಡವಾ. ಕುಂದರು, ರೊಟ್ಟಿ ತಿನ್ನು."

ಬಿಸಿ ರೊಟ್ಟಿಯ ಮೇಲೆ ಚಟ್ನಿಪುಡಿ ಎಣ್ಣೆ ಹಾಕಿ ಮುಂದಿಟ್ಟರು. ಮತ್ತೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದರು. ಅಂಗೈ ಬೀಳುವುದೂ ಸದ್ದೂ ಒಂದೇ ಆಗಿ ಕೇಳುತ್ತಿತ್ತು. ನಾನು ತುತ್ತು ಮುರಿಯದೆ ಅದನ್ನೇ ನೋಡುತ್ತ ಕೂತಿದ್ದೆ. ಅಲ್ಲಿಗೆ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ. ಗೇಟಿಗೆ ಹೋಗುವುದು ಅವರಿಗೆ ಬರೀ ತಂಬಾಕಿನ ಚಟವಾಗಿದ್ದರೆ ನನ್ನ ತಪ್ಪು ಒಂದು ಚೂರು ಹಗುರಾಗುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ ಅದರಲ್ಲಿ ಅವರದೂ ಒಂದು ಪಾಲಿರುತ್ತದೆ. ಎರಡರಲ್ಲಿ ಯಾವುದಾದರೂ ಒಂದು ನನಗೆ ಬೇಕಾಗಿತ್ತು. ಕ್ಷಮೆ ಕೇಳಲು ಹೋದವಳು ಅಲ್ಲಿಯೂ ನನ್ನ ಕಡೆಯ ವಾದಕ್ಕೆ ಪುರಾವೆ ಹುಡುಕುತ್ತಿದ್ದೆ.

ಕೇಳಿದ ಮೇಲೂ ಅವರ ಕೈ ನಿಲ್ಲಲಿಲ್ಲ, ಕಣ್ಣು ರೊಟ್ಟಿಯಿಂದ ಮೇಲೇಳಲಿಲ್ಲ. ನಾನು ಕೇಳಿದ್ದು ಇಷ್ಟು:

"ಮೌಶಿ, ಗೇಟಿನ ಹತ್ರ ನಿಂತು ಆ ಸುತ್ತಿಗೆ ನೋಡಿ ಬಂದ್ರೆ ಕಣ್ಣು ಕಿವಿ ಮತ್ತೆ ಕೂಡುತ್ತೆ ಅಂತ ನಿಮಗೆ ಗೊತ್ತಿತ್ತಾ? ಗೊತ್ತಿದ್ರೆ, ಅವತ್ತು ನಾನು ಬಾಗಿಲಿಗೆ ಅಡ್ಡ ನಿಂತಾಗ ಅದನ್ನ ಹೇಳಿ ನನ್ನ ಜೊತೆ ವಾದ ಮಾಡಲಿಲ್ಲ ಯಾಕೆ?"